ಪಂಕ್ತಿಯಲ್ಲಿಲ್ಲದ ಜಾತಿ ಪಹಣಿಯಲ್ಲಿ: ಸಿಖ್ಖರಲ್ಲಿ ಜಾತಿ ಉಳಿದದ್ದು ಹೇಗೆ?

ಒಳಮೀಸಲಾತಿಯ ಮಾತು ಬಂದಾಗಲೆಲ್ಲ ಒಂದು ತೀರ್ಪಿನ ಹೆಸರು ಕಿವಿಗೆ ಬೀಳುತ್ತದೆ. 'ಪಂಜಾಬ್ ಸರ್ಕಾರ ವಿರುದ್ಧ ದವಿಂದರ್ ಸಿಂಗ್'. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಅದು. ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗೇ ಪಾಲು ಮಾಡಲು ರಾಜ್ಯಗಳಿಗೆ ಅಧಿಕಾರ ಇದೆ ಎಂದು ಅದು ಹೇಳಿತು. ಆ ಬಲದ ಮೇಲೆಯೇ 2025ರ ಆಗಸ್ಟಿನಲ್ಲಿ ಕರ್ನಾಟಕದ ಸಚಿವ ಸಂಪುಟ ಶೇ 17ರ ಎಸ್ಸಿ ಮೀಸಲಾತಿಯನ್ನು 6, 6, 5 ಎಂದು ಹಂಚಿತು.

ಆ ಮೊಕದ್ದಮೆಯ ಬುಡದಲ್ಲಿ ಇದ್ದದ್ದು ಎರಡು ಸಮುದಾಯಗಳು. ಒಂದು, ಬಾಲ್ಮೀಕಿ. ನಮ್ಮ ವಾಲ್ಮೀಕಿ ನಾಯಕರಿಗೂ ಇವರಿಗೂ ಸಂಬಂಧವಿಲ್ಲ. ಪಂಜಾಬಿನ ಬಾಲ್ಮೀಕಿಗಳು ತಲೆಮಾರುಗಳಿಂದ ಊರಿನ ಕಸ, ಕಕ್ಕಸು ತೆಗೆಯುವ ಕೆಲಸಕ್ಕೆ ಕಟ್ಟಿಬಿದ್ದವರು. ಇನ್ನೊಂದು, ಮಜಹಬಿ ಸಿಖ್.

ಇಲ್ಲಿ ಬಹಳ ಜನ ತಡವರಿಸುತ್ತಾರೆ. ಸಿಖ್ಖರಲ್ಲೂ ಎಸ್ಸಿ ಇದ್ದಾರಾ? ಅದು ಜಾತಿಯನ್ನೇ ಒಪ್ಪದ ಧರ್ಮ ಅಲ್ವಾ?

ಎರಡೂ ನಿಜ. ಧರ್ಮ ಜಾತಿಯನ್ನು ಒಪ್ಪುವುದಿಲ್ಲ. ಆದರೂ ಜಾತಿ ಇದೆ. ಅದು ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

ಎರಡೂ ಕೈ ಚಾಚಬೇಕು

ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದವರು ಅಲ್ಲಿ ಊಟ ಮಾಡಿಯೇ ಬಂದಿರುತ್ತೀರಿ. ಬಂಡೆಯ ಸಂದಿಯಿಂದ ನೀರು ಜಿನುಗುವ ಆ ಜಾಗಕ್ಕೆ ಗುರು ನಾನಕರು ಬಂದಿದ್ದರು ಎಂಬ ನಂಬಿಕೆ ಇದೆ. ನಾನು ಮೊದಲ ಸಲ ಹೋದಾಗ ತಲೆಗೆ ಕರವಸ್ತ್ರ ಕಟ್ಟಿಕೊಂಡು ಚಾಪೆಯ ಮೇಲೆ ಸಾಲಿನಲ್ಲಿ ಕೂತೆ. ರೊಟ್ಟಿ ಬುಟ್ಟಿ ಹಿಡಿದವರು ಬಂದರು. ನಾನು ತಟ್ಟೆ ಮುಂದೆ ಮಾಡಿದೆ. ಅವರು ರೊಟ್ಟಿ ಹಾಕದೆ ನಿಂತೇ ಇದ್ದರು. ಪಕ್ಕದಲ್ಲಿ ಕೂತಿದ್ದ ಬೀದರಿನ ಅಜ್ಜ ಮೊಣಕೈ ತಿವಿದರು: "ಎರಡೂ ಕೈ ಚಾಚ್ರೀ." ಬೊಗಸೆ ಒಡ್ಡಿದೆ. ರೊಟ್ಟಿ ಬಿತ್ತು.

ಇದು ಲಂಗರ್. ಯಾರೇ ಬರಲಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರಬೇಕು. ಒಂದೇ ಅಡುಗೆ. ಎಲ್ಲರೂ ಕೈಯೊಡ್ಡಬೇಕು. ಆ ಸಾಲಿಗೆ ಪಂಜಾಬಿಯಲ್ಲಿ 'ಪಂಗತ್' ಅನ್ನುತ್ತಾರೆ. ನಮ್ಮ ಪಂಕ್ತಿಯೇ. ಆದರೆ ಪಂಕ್ತಿಭೇದದ ಊಟ ನೋಡಿದ ನಮಗೆ ಆ ಪದ ಕೇಳಿದರೆ ಹೊಳೆಯುವುದು ಬೇರೆ, ಅವರಿಗೆ ಹೊಳೆಯುವುದು ಬೇರೆ. ಮೂರನೇ ಗುರು ಅಮರದಾಸರು ಇದನ್ನು ಕಟ್ಟುಪಾಡೇ ಮಾಡಿದರು. ನನ್ನನ್ನು ನೋಡಬೇಕೇ? ಮೊದಲು ಪಂಗತ್, ಆಮೇಲೆ ಸಂಗತ್. ಅಂದರೆ ಎಲ್ಲರ ಜೊತೆ ಕೂತು ಉಣ್ಣು, ಆಮೇಲೆ ಸತ್ಸಂಗಕ್ಕೆ ಬಾ.

16ನೇ ಶತಮಾನದಲ್ಲಿ ಇದು ಸಣ್ಣ ಮಾತಲ್ಲ. ಯಾರ ಜೊತೆ ಉಣ್ಣಬಹುದು, ಯಾರ ಕೈ ನೀರು ಕುಡಿಯಬಹುದು ಅನ್ನುವುದರ ಮೇಲೆಯೇ ಜಾತಿ ನಿಂತಿತ್ತು. ಗುರುಗಳು ಪೆಟ್ಟು ಕೊಟ್ಟದ್ದು ಅಲ್ಲಿಗೇ.

ಎರಡನೆಯ ಪೆಟ್ಟು ಗ್ರಂಥದಲ್ಲಿ. ಐದನೇ ಗುರು ಅರ್ಜನ್ ದೇವರು 1604ರಲ್ಲಿ ಪದಗಳನ್ನೆಲ್ಲ ಸೇರಿಸಿ ಮೊದಲ ಪ್ರತಿ ಸಿದ್ಧಮಾಡಿದರು. ಇಂದಿನ ಗುರು ಗ್ರಂಥ ಸಾಹಿಬ್‌ಗೆ ಅದೇ ಮೂಲ. ಅದರಲ್ಲಿ ಗುರುಗಳ ಪದಗಳಷ್ಟೇ ಇಲ್ಲ. ನೇಕಾರ ಕಬೀರ, ಸಿಂಪಿ ನಾಮದೇವ, ಕ್ಷೌರಿಕ ಸೈಣ, ಕಟುಕ ಸಧನ, ಚರ್ಮ ಹದ ಮಾಡುವ ಕುಲದ ರವಿದಾಸ, ಸೂಫಿ ಫರೀದ, ಎಲ್ಲರೂ ಇದ್ದಾರೆ. ರವಿದಾಸರದ್ದೇ 40 ಪದಗಳಿವೆ. ಸಿಖ್ಖರು ತಲೆಬಾಗುವುದು ಈ ಗ್ರಂಥಕ್ಕೆ. ಅಂದರೆ ಎಷ್ಟೇ ದೊಡ್ಡ ಜಮೀನ್ದಾರ ಆಗಿರಲಿ, ಚಮ್ಮಾರನ ಮಾತಿಗೂ ತಲೆಬಾಗಲೇಬೇಕು.

ಮೂರನೆಯದು 1699ರ ಬೈಸಾಖಿ ಹಬ್ಬದ ದಿನ. ಹತ್ತನೇ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ತಲೆ ಕೊಡಲು ಸಿದ್ಧ ಇರುವವರು ಬನ್ನಿ ಎಂದು ಕರೆದರು. ಐವರು ಎದ್ದರು. ಲಾಹೋರಿನ ಖತ್ರಿ ದಯಾರಾಮ್, ಹಸ್ತಿನಾಪುರದ ಜಾಟ್ ಧರಮ್ ದಾಸ್, ಪುರಿಯ ನೀರು ಹೊರುವ ಹಿಮ್ಮತ್, ದ್ವಾರಕೆಯ ಸಿಂಪಿ ಮೊಹಕಮ್ ಚಂದ್. ಐದನೆಯವರು ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಐವರಿಗೂ ಒಂದೇ ಕಬ್ಬಿಣದ ಬಟ್ಟಲಿನಿಂದ ಅಮೃತ ಕುಡಿಸಿದರು. ಆಮೇಲೆ ಗುರುಗಳೇ ಅವರ ಕೈಯಿಂದ ಅದೇ ಅಮೃತ ಪಡೆದರು. ಗಂಡಸರಿಗೆಲ್ಲ 'ಸಿಂಗ್', ಹೆಂಗಸರಿಗೆಲ್ಲ 'ಕೌರ್'. ಹೆಸರಿನ ಬಾಲದಲ್ಲಿ ಜಾತಿ ತಿಳಿಯಬಾರದು ಎಂಬುದು ಲೆಕ್ಕಾಚಾರ. ಬೀದರಿನಲ್ಲಿ ಸಾಹಿಬ್ ಸಿಂಗರ ಹೆಸರಿನ ಗುರುದ್ವಾರವೂ ಇದೆ.

(ಬಸವಕಲ್ಯಾಣ ಇರುವುದೂ ಇದೇ ಜಿಲ್ಲೆಯಲ್ಲಿ. ಆ ಕಥೆ ಮುಂದೆ ಏನಾಯಿತು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.)

ಯಾರು ಯಾರು?

ಪಂಜಾಬಿ ಹಾಡಿನಲ್ಲಿ 'ಜಟ್ಟ, ಜಟ್ಟ' ಅಂತ ಬರುತ್ತದಲ್ಲ, ನಮ್ಮ ಮದುವೆ ಮೆರವಣಿಗೆಯ ಡಿಜೆಯಲ್ಲೂ ಕೇಳಿರುತ್ತೀರಿ. ಅದು ಹೀರೋನ ಹೆಸರಲ್ಲ, ಜಾತಿಯ ಹೆಸರು.

ಜಾಟ್ ಸಿಖ್ಖರು ಭೂಮಿ ಇರುವ ಒಕ್ಕಲು ಜನ. ಪಂಜಾಬಿನ ಜನಸಂಖ್ಯೆಯಲ್ಲಿ ಐದನೇ ಒಂದು ಭಾಗದಿಂದ ಕಾಲು ಭಾಗ ಇರಬಹುದು ಎಂದು ಅಂದಾಜು. ಖತ್ರಿ ಮತ್ತು ಅರೋರಾಗಳು ವ್ಯಾಪಾರ, ಲೆಕ್ಕಪತ್ರ, ಪಟ್ಟಣದ ಜನ. ಹತ್ತೂ ಗುರುಗಳು ಹುಟ್ಟಿದ್ದು ಖತ್ರಿ ಮನೆಗಳಲ್ಲಿ. ರಾಮಗಢಿಯಾಗಳು ಮೂಲದಲ್ಲಿ ಬಡಗಿ, ಕಮ್ಮಾರರು. ಇವಲ್ಲದೆ ಸೈನಿ, ಕಂಬೋಜ್, ಲಬಾಣಾ ಮುಂತಾದವರಿದ್ದಾರೆ.

ದಲಿತ ಸಿಖ್ಖರಲ್ಲಿ ದೊಡ್ಡ ಗುಂಪುಗಳು ಎರಡು. ಸಫಾಯಿ ಕೆಲಸ, ಕೂಲಿ ಮಾಡಿಕೊಂಡು ಬಂದವರು ಸಿಖ್ ಆದಾಗ 'ಮಜಹಬಿ' ಎನಿಸಿಕೊಂಡರು. ಮಜಹಬ್ ಅಂದರೆ ಧರ್ಮ. ಹೆಸರಿಗೆ ಧರ್ಮನಿಷ್ಠ ಎಂದು ಅರ್ಥ, ಊರಿನ ಬಾಯಲ್ಲಿ ಅದೇ ಜಾತಿಯ ಹೆಸರಾಯಿತು. ಚರ್ಮ ಮತ್ತು ನೇಯ್ಗೆಯ ಕುಲಗಳಿಂದ ಬಂದವರು ರಾಮದಾಸಿಯಾ, ರವಿದಾಸಿಯಾ.

ಮಜಹಬಿಗಳಿಗೆ ಒಂದು ಹೆಮ್ಮೆಯ ಕಥೆ ಇದೆ. 1675ರಲ್ಲಿ ದೆಹಲಿಯಲ್ಲಿ ಒಂಬತ್ತನೇ ಗುರು ತೇಗ್ ಬಹಾದೂರರ ತಲೆ ಕಡಿದಾಗ, ಆ ಶಿರಸ್ಸನ್ನು ಬಚ್ಚಿಟ್ಟುಕೊಂಡು ಆನಂದಪುರಕ್ಕೆ ತಂದವರು ಇದೇ ಕುಲದ ಭಾಯಿ ಜೈತಾ. ಆಗಿನ್ನೂ ಹುಡುಗನಾಗಿದ್ದ ಗೋವಿಂದರು ಅವರನ್ನು ಅಪ್ಪಿಕೊಂಡು 'ರಂಗ್ರೇಟೇ ಗುರು ಕೇ ಬೇಟೇ' ಎಂದರಂತೆ. ಈ ಕುಲದವರು ಗುರುವಿನ ಮಕ್ಕಳು ಎಂದು. ಇವತ್ತಿಗೂ ಮಜಹಬಿ ಸಭೆಗಳಲ್ಲಿ ಮೊದಲು ಕೇಳುವ ಮಾತು ಅದು.

ಸಂಖ್ಯೆಯ ವಿಷಯ ಒಂದು ನೆನಪಿಡಿ. 2011ರ ಜನಗಣತಿಯಲ್ಲಿ ಪಂಜಾಬಿನ ಎಸ್ಸಿಗಳ ಪಾಲು ಶೇ 31.9. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕರ್ನಾಟಕದಲ್ಲಿ ಅದು ಶೇ 17ರ ಆಸುಪಾಸು. ಪಂಜಾಬಿನ ಎಸ್ಸಿಗಳಲ್ಲಿ ಹಿಂದೂಗಳು, ಸಿಖ್ಖರು ಇಬ್ಬರೂ ಇದ್ದಾರೆ. ಅವರಲ್ಲಿ ಮಜಹಬಿಗಳದ್ದೇ ಅತಿ ದೊಡ್ಡ ಜಾತಿ.

ಪುರೋಹಿತರಿಲ್ಲದ ಊರಿನಲ್ಲಿ ಮೇಲೆ ಯಾರು?

ನಾವು ಜಾತಿ ಅಂದಾಗ ಕಣ್ಣ ಮುಂದೆ ಬರುವ ಏಣಿಯಲ್ಲಿ ಬ್ರಾಹ್ಮಣ ತುದಿಯಲ್ಲಿರುತ್ತಾನೆ. ಆ ಏಣಿ ಹಿಡಿದು ಪಂಜಾಬಿನ ಹಳ್ಳಿಗೆ ಹೋದರೆ ಏನೂ ಅರ್ಥವಾಗುವುದಿಲ್ಲ.

ಹಳೆಯ ವರ್ಣದ ಲೆಕ್ಕದಲ್ಲಿ ಜಾಟರದ್ದು ಮೇಲಿನ ಸ್ಥಾನವಲ್ಲ, ಶೂದ್ರರೆಂದೇ ಎಣಿಕೆ. ಸಿಖ್ ಧರ್ಮ ಅವರಿಗೆ ತಲೆ ಎತ್ತಿ ನಿಲ್ಲುವ ಬಲ ಕೊಟ್ಟಿತು. ಖಾಲ್ಸಾ, ಅಂದರೆ ಅಮೃತ ಪಡೆದ ಸಿಖ್ಖರ ಪಡೆಯಲ್ಲಿ ಅವರೇ ಜಾಸ್ತಿ. 18ನೇ ಶತಮಾನದಲ್ಲಿ ಸಿಖ್ ದಳಗಳು ನಾಡನ್ನು ಹಂಚಿಕೊಂಡಾಗ ಭೂಮಿ ಅವರ ಕೈಗೆ ಬಂತು. 1801ರಲ್ಲಿ ಮಹಾರಾಜನಾದ ರಣಜಿತ್ ಸಿಂಗನ ಕಾಲಕ್ಕೆ ಅದು ಗಟ್ಟಿಯಾಯಿತು. ಗುರುಗಳು ಪುರೋಹಿತನನ್ನು ಏಣಿಯಿಂದ ಇಳಿಸಿದ್ದರು. ಖಾಲಿಯಾದ ಮೆಟ್ಟಿಲಿಗೆ ಜಮೀನು ಇದ್ದವನು ಹತ್ತಿದ.

ಇದಕ್ಕೊಂದು ಹೆಸರಿದೆ, ಕೊಟ್ಟವರು ನಮ್ಮವರೇ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ನೋಡಿದಾಗ ಅವರಿಗೆ ಕಂಡದ್ದು: ಶಾಸ್ತ್ರದಲ್ಲಿ ಬ್ರಾಹ್ಮಣ ಮೇಲು, ಊರಿನ ಮಾತು ನಡೆಯುವುದು ಒಕ್ಕಲಿಗರದ್ದು. ಭೂಮಿ ಅವರದ್ದು, ತಲೆಯೆಣಿಕೆಯೂ ಅವರದ್ದೇ. ಇಂಥವರನ್ನು ಅವರು 'ಪ್ರಬಲ ಜಾತಿ' ಎಂದು ಕರೆದರು. ಪಂಜಾಬಿನ ಜಾಟರನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಹೋಲಿಕೆ ಇಲ್ಲ.

ಭೂಮಿ ಜಾತಿಗೆ ಅಂಟಿಕೊಳ್ಳುವಂತೆ ಮಾಡಿದ್ದು ಬ್ರಿಟಿಷರ ಕಾನೂನು ಕೂಡ. 1900ರಲ್ಲಿ ಪಂಜಾಬ್ ಭೂ ಪರಭಾರೆ ಕಾಯ್ದೆ ಬಂತು. ಸಾಹುಕಾರರ ಕೈಗೆ ರೈತರ ಜಮೀನು ಹೋಗದಿರಲಿ ಎಂಬುದು ಅದರ ಉದ್ದೇಶ. ಅದಕ್ಕೆ ಸರ್ಕಾರ 'ಕೃಷಿಕ ಬುಡಕಟ್ಟು'ಗಳ ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಇದ್ದವರ ಜಮೀನನ್ನು ಪಟ್ಟಿಯ ಹೊರಗಿನವರು ಕೊಳ್ಳುವಂತಿಲ್ಲ. ಜಾಟರು ಪಟ್ಟಿಯೊಳಗೆ. ಅದೇ ಹೊಲದಲ್ಲಿ ದಿನವಿಡೀ ದುಡಿಯುವ ದಲಿತರು ಹೊರಗೆ. ಕೈಯಲ್ಲಿ ದುಡ್ಡು ಇದ್ದರೂ ಜಮೀನು ಕೊಳ್ಳುವ ಹಾಗಿಲ್ಲ. ಐವತ್ತು ವರ್ಷ ಹೀಗೆ ನಡೆಯಿತು.

ಸೈನ್ಯದಲ್ಲೂ ಬ್ರಿಟಿಷರು ಬೇರೆ ಬೇರೆ ಸಾಲು ಮಾಡಿದರು. ಮಜಹಬಿಗಳಿಗೆ ಪಯೋನೀರ್ ದಳಗಳು, ಅಂದರೆ ರಸ್ತೆ, ಕಂದಕದ ಕೆಲಸವೂ ಸೇರಿದ ಪಡೆ. ಆ ಸಾಲು ಇನ್ನೂ ಪೂರ್ತಿ ಅಳಿಸಿಲ್ಲ. ಸಿಖ್ ರೆಜಿಮೆಂಟಿನಲ್ಲಿ ಜಾಟರೇ ಹೆಚ್ಚು. ಸಿಖ್ ಲೈಟ್ ಇನ್ಫೆಂಟ್ರಿ ಮಜಹಬಿ ಮತ್ತು ರಾಮದಾಸಿಯಾಗಳ ದಳ.

1920ರ ಅಕ್ಟೋಬರ್ 12: ಒಂದು ತಟ್ಟೆ ಪ್ರಸಾದ

ಇಷ್ಟಾದರೂ ಗುರುದ್ವಾರದ ಒಳಗೆ ಎಲ್ಲ ಸರಿಯಿತ್ತೇ? ಇರಲಿಲ್ಲ. ನೂರು ವರ್ಷದ ಹಿಂದೆ ಅಮೃತಸರದ ಸ್ವರ್ಣ ಮಂದಿರದಲ್ಲಿ ದಲಿತ ಸಿಖ್ಖರ ಪ್ರಸಾದವನ್ನು ಪೂಜಾರಿಗಳು ಮುಟ್ಟುತ್ತಿರಲಿಲ್ಲ.

ಕಡಾ ಪ್ರಸಾದ ಅಂದರೆ ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಹಾಕಿ ಮಾಡುವ ಹಲ್ವಾ. ಭಕ್ತರು ತಂದು ಒಪ್ಪಿಸುತ್ತಾರೆ, ಪ್ರಾರ್ಥನೆ ಆಗುತ್ತದೆ, ಅದನ್ನೇ ಎಲ್ಲರಿಗೂ ಹಂಚುತ್ತಾರೆ. ಸಮಸ್ಯೆ ಇದ್ದದ್ದು ಈ ಕೊನೆಯ ಹಂತದಲ್ಲಿ. ದಲಿತರು ತಂದದ್ದನ್ನು ಸ್ವೀಕರಿಸಿದರೆ ಎಲ್ಲರೂ ತಿನ್ನಬೇಕಲ್ಲ.

1920ರ ಅಕ್ಟೋಬರಿನಲ್ಲಿ ಖಾಲ್ಸಾ ಬಿರಾದರಿ ಎಂಬ ದಲಿತ ಸಿಖ್ಖರ ಸಂಘ ಜಲಿಯನ್‌ವಾಲಾ ಬಾಗಿನಲ್ಲಿ ಸಭೆ ಸೇರಿತು. ಅಲ್ಲಿ ಗುಂಡು ಹಾರಿ ಒಂದೂವರೆ ವರ್ಷವಷ್ಟೇ ಆಗಿತ್ತು. ಅಮೃತ ಪಡೆದ ಹೊಸಬರು 12ನೇ ತಾರೀಕು ಪ್ರಸಾದ ಹೊತ್ತು ಸ್ವರ್ಣ ಮಂದಿರಕ್ಕೆ ಹೊರಟರು. ಖಾಲ್ಸಾ ಕಾಲೇಜಿನ ಕೆಲವು ಅಧ್ಯಾಪಕರೂ ಜೊತೆಗಿದ್ದರು. ಪೂಜಾರಿಗಳು ಆಗುವುದಿಲ್ಲ ಎಂದರು. ವಾದ ಬೆಳೆಯಿತು. ಕೊನೆಗೆ ಒಂದು ಒಪ್ಪಂದ: ಗ್ರಂಥವನ್ನೇ ಕೇಳೋಣ.

ಸಿಖ್ಖರಲ್ಲಿ ಇದಕ್ಕೆ 'ಹುಕಮ್ ತೆಗೆಯುವುದು' ಅನ್ನುತ್ತಾರೆ. ಗ್ರಂಥವನ್ನು ಯಾವುದೋ ಒಂದು ಪುಟಕ್ಕೆ ತೆರೆಯುವುದು, ಎಡಗಡೆ ಮೇಲೆ ಬಂದ ಪದವನ್ನು ಗುರುವಿನ ಅಪ್ಪಣೆ ಎಂದು ಓದುವುದು. ಅವತ್ತು ತೆರೆದಾಗ ಬಂದದ್ದು ಅಮರದಾಸರ ಪದ. ಗುಣವಿಲ್ಲದವರನ್ನೂ ದೇವರು ತಾನೇ ಕ್ಷಮಿಸುತ್ತಾನೆ, ಗುರುಸೇವೆಗೆ ಹಚ್ಚುತ್ತಾನೆ ಎಂಬ ಅರ್ಥದ ಸಾಲು. ಮೊದಲು ಪಂಗತ್, ಆಮೇಲೆ ಸಂಗತ್ ಎಂದವರೂ ಅದೇ ಅಮರದಾಸರು.

ಪೂಜಾರಿಗಳು ಪ್ರಸಾದ ಸ್ವೀಕರಿಸಿದರು. ಗುಂಪು ಅಲ್ಲಿಂದ ಎದುರಿನ ಅಕಾಲ್ ತಖ್ತ್‌ಗೆ ನಡೆಯಿತು. ಇದು ಸಿಖ್ಖರ ಅತ್ಯುನ್ನತ ಪೀಠ. ಅಲ್ಲಿನ ಪೂಜಾರಿಗಳು ಜಾಗ ಬಿಟ್ಟೇ ಹೋಗಿದ್ದರು. ಸುಧಾರಕರು ಪೀಠವನ್ನು ವಹಿಸಿಕೊಂಡರು. ಒಂದು ತಿಂಗಳಲ್ಲಿ, ನವೆಂಬರ್ 15ರಂದು, ಗುರುದ್ವಾರಗಳನ್ನು ನೋಡಿಕೊಳ್ಳಲು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಇಂದಿನ ಎಸ್‌ಜಿಪಿಸಿ ಅದೇ. ದಲಿತರ ಒಂದು ತಟ್ಟೆ ಹಲ್ವಾದ ಜಗಳದಿಂದ ಸಿಖ್ಖರ ಇಷ್ಟು ದೊಡ್ಡ ಸಂಸ್ಥೆ ಹುಟ್ಟಿತು ಅನ್ನುವುದು ಪಂಜಾಬಿನ ಹೊರಗೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮುಂದೆ 1945ರಲ್ಲಿ ಎಸ್‌ಜಿಪಿಸಿ ಒಪ್ಪಿದ ಸಿಖ್ಖರ ನಡವಳಿಕೆಯ ಸಂಹಿತೆ, ಮದುವೆಯಲ್ಲಿ ಜಾತಿ ನೋಡಬಾರದು ಎಂದು ಸ್ಪಷ್ಟವಾಗಿ ಬರೆದಿದೆ.

ಬರೆದದ್ದು ಒಂದು, ಬೀಗತನ ಇನ್ನೊಂದು

ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವುದು ಬೇರೆ, ಮನೆಗೆ ಸೊಸೆ ತರುವುದು ಬೇರೆ. ಪಂಜಾಬಿನ ಪತ್ರಿಕೆಗಳಲ್ಲಿ ಭಾನುವಾರದ ವಧು-ವರ ಜಾಹೀರಾತು ನೋಡಿದರೆ ಸಾಕು. ಜಾಟ್ ಸಿಖ್, ಖತ್ರಿ ಸಿಖ್, ರಾಮಗಢಿಯಾ ಸಿಖ್, ರಾಮದಾಸಿಯಾ ಸಿಖ್. ಕೆನಡಾದ ಹುಡುಗನಾದರೂ ಅಷ್ಟೇ.

ಹೆಸರಿನ ಕಥೆ ಇನ್ನೂ ಸ್ವಾರಸ್ಯ. ಸಿಂಗ್, ಕೌರ್ ಎಂದು ಜಾತಿ ಮುಚ್ಚಿದ ಮೇಲೆ ಜನ ಅದರ ಹಿಂದೆ ಗೋತ್ರ ಸೇರಿಸಿದರು. ಸಿಧು, ಧಿಲ್ಲೋಂ, ಬ್ರಾರ್ ಅಂದರೆ ಜಾಟ್. ಬೇಡಿ, ಸೋಧಿ ಅಂದರೆ ಖತ್ರಿ. ಚಾವ್ಲಾ, ಅಹುಜಾ ಅಂದರೆ ಅರೋರಾ. ಗಿಲ್ ಮಾತ್ರ ಜಾಟರಲ್ಲೂ ಇದೆ, ಮಜಹಬಿಗಳಲ್ಲೂ ಇದೆ. ಹಾಗಾಗಿ ಗಿಲ್ ಅಂದವನಿಗೆ ಮುಂದಿನ ಪ್ರಶ್ನೆ ಗ್ಯಾರಂಟಿ: ಯಾವ ಊರು? ಊರಲ್ಲಿ ಎಲ್ಲಿ ಮನೆ?

ಮನೆ ಎಲ್ಲಿ ಅನ್ನುವುದರಲ್ಲೇ ಉತ್ತರ ಇರುತ್ತದೆ. ಪಂಜಾಬಿನ ಹಳ್ಳಿಗಳಲ್ಲಿ ದಲಿತರ ಕೇರಿ ಬೇರೆ. ಒಂದು ಕಡೆ ಅದಕ್ಕೆ 'ವೇಹಡಾ' ಅನ್ನುತ್ತಾರೆ, ಇನ್ನೊಂದು ಕಡೆ 'ಠಠ್ಠಿ'. ಬಹಳ ಊರುಗಳಲ್ಲಿ ಗುರುದ್ವಾರವೂ ಎರಡು, ಸ್ಮಶಾನವೂ ಎರಡು. ಯಾವ ಗುರುದ್ವಾರದ ಬಾಗಿಲಲ್ಲೂ ಜಾತಿ ಬೋರ್ಡ್ ಇರುವುದಿಲ್ಲ. ದಲಿತರು ತಮ್ಮದೇ ಗುರುದ್ವಾರ ಯಾಕೆ ಕಟ್ಟಿಕೊಂಡರು? ಲಂಗರಿನಲ್ಲಿ ಊಟಕ್ಕೆ ಕೂರಬಹುದು, ಆದರೆ ಬಡಿಸಲು, ಅಡುಗೆ ಮನೆಗೆ ಬರಲು ಬೇಡ ಎಂಬ ಮಾತು ಕೇಳಿದವರಿದ್ದಾರೆ. ಮಗಳ ಮದುವೆಗೆ ಗುರುದ್ವಾರದ ಪಾತ್ರೆ ಕೇಳಿ ಬರಿಗೈಯಲ್ಲಿ ಬಂದವರಿದ್ದಾರೆ. ಸಮಿತಿಯಲ್ಲಿ ಜಾಗ ಸಿಗದವರಂತೂ ಇದ್ದೇ ಇದ್ದಾರೆ. ಊರಿಗೆ ಒಂದೇ ಗುರುದ್ವಾರ, ಒಂದೇ ಸ್ಮಶಾನ ಇರಲಿ ಎಂದು ಎಸ್‌ಜಿಪಿಸಿಯೇ ಕರೆ ಕೊಟ್ಟಿದೆ. ಕರೆ ಕೊಡಬೇಕಾಯಿತು ಅನ್ನುವುದೇ ಪರಿಸ್ಥಿತಿ ಹೇಳುತ್ತದೆ.

ಎಮ್ಮೆಗೆ ಒಂದು ಹೊರೆ ಹುಲ್ಲು

ಇಷ್ಟು ಹೊತ್ತು ಗುರುದ್ವಾರದ ಮಾತಾಯಿತು. ನನ್ನ ಪ್ರಕಾರ ಅಸಲಿ ವಿಷಯ ಇರುವುದು ಹೊಲದಲ್ಲಿ.

ಪಂಜಾಬಿನಲ್ಲಿ ಮೂವರಲ್ಲಿ ಒಬ್ಬರು ದಲಿತರು. ಆದರೆ ಸಾಗುವಳಿ ಭೂಮಿಯಲ್ಲಿ ಅವರ ಪಾಲು ನೂರು ಎಕರೆಗೆ ನಾಲ್ಕು ಎಕರೆಯೂ ಇಲ್ಲ. 1960ರ ದಶಕದ ಹಸಿರು ಕ್ರಾಂತಿಯಲ್ಲಿ ಗೋಧಿ, ಭತ್ತದ ದುಡ್ಡು ಬಂದದ್ದು ಭೂಮಿ ಇದ್ದವರಿಗೆ. ದಲಿತರು ಆ ಹೊಲಗಳಲ್ಲಿ 'ಸೀರಿ'ಗಳಾದರು. ಸೀರಿ ಅಂದರೆ ವರ್ಷಕ್ಕಿಷ್ಟು ಎಂದು ಮುಂಗಡ ತಗೊಂಡು ಒಬ್ಬನ ಮನೆಗೇ ದುಡಿಯುವ ಆಳು. ನಮ್ಮಲ್ಲಿ ಜೀತ, ಸಂಬಳದಾಳು ಅನ್ನುವುದಕ್ಕೆ ಹತ್ತಿರ. ಮುಂಗಡ ತೀರದಿದ್ದರೆ ಮುಂದಿನ ವರ್ಷವೂ ಅಲ್ಲೇ.

ಭೂಮಿ ಇಲ್ಲದಿದ್ದರೆ ಏನಾಗುತ್ತದೆ? ಒಂದು ಎಮ್ಮೆ ಇದೆ ಅನ್ನಿ. ಅದಕ್ಕೆ ದಿನಾ ಹುಲ್ಲು ಬೇಕು. ಹುಲ್ಲು ಇರುವುದು ಜಾಟರ ಹೊಲದ ಬದುವಿನಲ್ಲಿ. ಕೇರಿಯ ಹೆಂಗಸು ಕುಡುಗೋಲು ಹಿಡಿದು ಅಲ್ಲಿಗೆ ಹೋಗಬೇಕು. ಮಾಲೀಕ ಬಯ್ದರೂ, ಕೈ ಹಿಡಿದೆಳೆದರೂ ಮರುದಿನ ಮತ್ತೆ ಅಲ್ಲಿಗೇ ಹೋಗಬೇಕು. ಊರಿನಲ್ಲಿ ಜಗಳವಾದರೆ ಹಾಕುವ ಮೊದಲ ಬಹಿಷ್ಕಾರ ಇದೇ: ಕೇರಿಯವರು ನಮ್ಮ ಹೊಲಕ್ಕೆ ಕಾಲಿಡಬಾರದು. ಒಂದೇ ಮಾತಿಗೆ ಹುಲ್ಲು, ಕೂಲಿ, ಶೌಚಕ್ಕೆ ಹೋಗುವ ಜಾಗ, ಮೂರೂ ನಿಂತುಹೋಗುತ್ತವೆ.

ಹಾಗಾಗಿ ಜಗಳ ಈಗ ಊರ ಜಮೀನಿನ ಮೇಲೆ ನಡೆಯುತ್ತಿದೆ. ಬಹಳ ಹಳ್ಳಿಗಳಲ್ಲಿ ಪಂಚಾಯಿತಿಗೆ ಸೇರಿದ ಸಾಗುವಳಿ ಭೂಮಿ ಇರುತ್ತದೆ. ಅದಕ್ಕೆ 'ಶಾಮ್ಲಾತ್' ಎಂದು ಹೆಸರು. ನಮ್ಮ ಗೋಮಾಳದ ಹಾಗೆ ಊರಿನದ್ದು, ಆದರೆ ಇದನ್ನು ವರ್ಷಕ್ಕೊಮ್ಮೆ ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತಾರೆ. 1961ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಮೂರನೇ ಒಂದು ಪಾಲು ಎಸ್ಸಿಗಳಿಗೆ ಮೀಸಲು. ಕಾಗದದಲ್ಲಿ ಬಹಳ ಕಾಲದಿಂದ ಇತ್ತು. ಹರಾಜಿನಲ್ಲಿ ಆಗುತ್ತಿದ್ದದ್ದು ಬೇರೆ. ದೊಡ್ಡ ರೈತ ತನ್ನ ಹೊಲದ ಆಳನ್ನೇ ಮುಂದೆ ನಿಲ್ಲಿಸಿ ಕೂಗಿಸುತ್ತಿದ್ದ. ಹೆಸರು ಆಳಿನದ್ದು, ದುಡ್ಡು ಧಣಿಯದ್ದು, ಬೆಳೆಯೂ ಧಣಿಯದ್ದೇ. ನಮ್ಮೂರಲ್ಲಿ ಬೇನಾಮಿ ಅನ್ನುವುದನ್ನು ಅಲ್ಲಿ 'ಡಮ್ಮಿ' ಅನ್ನುತ್ತಾರೆ.

2014ರ ಹೊತ್ತಿಗೆ ಸಂಗ್ರೂರ್ ಜಿಲ್ಲೆಯಲ್ಲಿ ಜಮೀನ್ ಪ್ರಾಪ್ತಿ ಸಂಘರ್ಷ್ ಕಮಿಟಿ ಎಂಬ ಸಂಘಟನೆ ಎದ್ದಿತು. ಬಾಲದ್ ಕಲಾಂ ಎಂಬ ಹಳ್ಳಿಯ ದಲಿತ ಮನೆಗಳು ಒಟ್ಟಾಗಿ, ಮನೆಗಿಷ್ಟು ಎಂದು ದುಡ್ಡು ಹಾಕಿ ಮೀಸಲು ಜಮೀನನ್ನು ತಾವೇ ಹಿಡಿದು ಒಟ್ಟಿಗೆ ಬೇಸಾಯ ಮಾಡಿದವು. ಹೀಗೆ ಜಮೀನು ಹಿಡಿದ ಊರುಗಳಲ್ಲಿ ಮೊದಲು ತೆಗೆದಿಡುವುದು ಮೇವಿಗೆ ಒಂದು ಪಾಲು. ಸುತ್ತಲಿನ ಊರುಗಳಿಗೂ ಇದು ಹಬ್ಬಿತು. ಎಲ್ಲ ಕಡೆ ಸುಲಭವಾಗಲಿಲ್ಲ. 2016ರ ಅಕ್ಟೋಬರಿನಲ್ಲಿ ಝಲೂರ್ ಹಳ್ಳಿಯಲ್ಲಿ ದಲಿತರ ಮೇಲೆ ದಾಳಿ ನಡೆಯಿತು. ಗಾಯಗೊಂಡ ವೃದ್ಧೆಯೊಬ್ಬರು ಮುಂದೆ ತೀರಿಕೊಂಡರು.

ಅದಕ್ಕೂ ಮೊದಲು, 2006ರ ಜನವರಿಯಲ್ಲಿ, ಮಾನಸಾ ಜಿಲ್ಲೆಯ ಬಂತ್ ಸಿಂಗ್ ಎಂಬ ಮಜಹಬಿ ಕೂಲಿಕಾರ, ಹಾಡುಗಾರನ ಮೇಲೆ ನಡೆದ ದಾಳಿಯಲ್ಲಿ ಅವರು ಎರಡೂ ಕೈ, ಒಂದು ಕಾಲು ಕಳೆದುಕೊಂಡರು. ತಮ್ಮ ಮನೆಗಾದ ಅನ್ಯಾಯಕ್ಕೆ ಕೋರ್ಟಿನಲ್ಲಿ ಶಿಕ್ಷೆ ಕೊಡಿಸಿದ್ದೇ ಅವರ ತಪ್ಪಾಗಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆಯೂ ಅವರು ಹಾಡಿದರು.

ನಿಮ್ಮ ಸಹವಾಸವೇ ಬೇಡ

ಎಲ್ಲರೂ ಒಳಗಿದ್ದುಕೊಂಡೇ ಜಗಳ ಮಾಡಲಿಲ್ಲ. ಕೆಲವರು ಹೊರಗೆ ನಡೆದರು.

ಮೊದಲ ಸಲ 1926ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದುಡಿದು ಬಂದ ಮಂಗೂರಾಮ್ ಮುಗೋವಾಲಿಯಾ ಎಂಬವರು ನಾವು ಹಿಂದೂಗಳೂ ಅಲ್ಲ, ಸಿಖ್ಖರೂ ಅಲ್ಲ, ಈ ನೆಲದ ಆದಿ ಜನ ಎಂದರು. 'ಆದ್ ಧರ್ಮ' ಎಂಬ ಚಳವಳಿ ಅದು. 1931ರ ಜನಗಣತಿಯಲ್ಲಿ ಪ್ರತ್ಯೇಕ ಧರ್ಮ ಎಂದೇ ಲೆಕ್ಕ ಬಂತು.

ಎರಡನೆಯದು ನಮ್ಮ ಕಾಲದ್ದು. ಜಲಂಧರ್ ಹತ್ತಿರದ ತಲ್ಹಣ್ ಹಳ್ಳಿಯಲ್ಲಿ ಬಾಬಾ ನಿಹಾಲ್ ಸಿಂಗ್ ಎಂಬವರ ಸ್ಮಾರಕ ಸ್ಥಳ ಇದೆ. ಕಾಣಿಕೆ ಕೋಟಿಗಳಲ್ಲಿ ಬರುತ್ತದೆ. ಊರಿನಲ್ಲಿ ದಲಿತರೇ ಹೆಚ್ಚು, ಸಮಿತಿಯಲ್ಲಿ ಮಾತ್ರ ಅವರಿಲ್ಲ. ಜಾಗ ಕೇಳಿದ್ದಕ್ಕೆ 2003ರಲ್ಲಿ ಬಹಿಷ್ಕಾರ ಬಿತ್ತು, ಜೂನಿನಲ್ಲಿ ಗಲಭೆಯಾಯಿತು. ಕೊನೆಗೆ ರಾಜಿಯಾಗಿ ದಲಿತರಿಗೆ ಸಮಿತಿಯಲ್ಲಿ ಜಾಗ ಸಿಕ್ಕಿತು. ಈ ಭಾಗದ ದಲಿತರು ಬಡವರೇ ಆಗಿ ಉಳಿದಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಜಲಂಧರಿನ ಚರ್ಮದ ವ್ಯಾಪಾರ, ಗಲ್ಫ್ ಮತ್ತು ಯುರೋಪಿನ ದುಡಿಮೆ ಅವರ ಕೈಯಲ್ಲಿ ದುಡ್ಡು ತಂದಿತ್ತು. ದುಡ್ಡು ಬಂದವರು ಮರ್ಯಾದೆಯನ್ನೂ ಕೇಳಿದರು.

2009ರ ಮೇ 24ರಂದು ಆಸ್ಟ್ರಿಯಾದ ವಿಯೆನ್ನಾದಲ್ಲಿ ರವಿದಾಸಿಯಾಗಳ ಗುರುದ್ವಾರಕ್ಕೆ ಕೆಲವು ಸಿಖ್ಖರು ನುಗ್ಗಿ ದಾಳಿ ಮಾಡಿದರು. ಜಲಂಧರಿನ ಡೇರಾ ಸಚ್‌ಖಂಡ್ ಬಲ್ಲಾಂನಿಂದ ಹೋಗಿದ್ದ ಸಂತ ರಾಮಾನಂದ್ ತೀರಿಕೊಂಡರು. ಡೇರಾ ಅಂದರೆ ಒಬ್ಬ ಸಂತನ ಸುತ್ತ ಕಟ್ಟಿದ ಮಠ. ಗ್ರಂಥದ ಎದುರು ಬದುಕಿರುವ ಸಂತನಿಗೆ ಮರ್ಯಾದೆ ಸಲ್ಲಿಸುವುದು ತಪ್ಪು ಎಂಬುದು ದಾಳಿ ಮಾಡಿದವರ ಆಕ್ಷೇಪ. ಪಂಜಾಬ್ ಹೊತ್ತಿ ಉರಿಯಿತು. ಮುಂದಿನ ವರ್ಷ, 2010ರ ಜನವರಿ 30ರಂದು, ಡೇರಾ ಕಾಶಿಯಲ್ಲಿ ಪ್ರತ್ಯೇಕ ರವಿದಾಸಿಯಾ ಧರ್ಮ ಘೋಷಿಸಿತು. ಗುರು ಗ್ರಂಥ ಸಾಹಿಬ್‌ನ ಜಾಗಕ್ಕೆ ರವಿದಾಸರ ಪದಗಳದ್ದೇ ಬೇರೆ ಗ್ರಂಥ ಬಂತು. ಎಲ್ಲ ರವಿದಾಸಿಯಾಗಳೂ ಇದನ್ನು ಒಪ್ಪಿಲ್ಲ.

ಕಡಲಾಚೆಯೂ ಇದೇ ಕಥೆ. ಬ್ರಿಟನ್ನಿನಲ್ಲಿ ರಾಮಗಢಿಯಾ ಗುರುದ್ವಾರ, ರವಿದಾಸ ಸಭಾ ಎಂದು ಹೆಸರಿಟ್ಟುಕೊಂಡೇ ಕಟ್ಟಡಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಜಾತಿ ತಾರತಮ್ಯ ತಡೆಯುವ ಮಸೂದೆ 2023ರಲ್ಲಿ ಪಾಸಾಯಿತು. ಈಗಿರುವ ಕಾನೂನೇ ಸಾಕು ಎಂದು ರಾಜ್ಯಪಾಲರು ಅಕ್ಟೋಬರಿನಲ್ಲಿ ಅದನ್ನು ತಡೆದರು.

ಸರ್ಟಿಫಿಕೇಟಿನ ಕಥೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಾತಿ ಒಪ್ಪದ ಧರ್ಮದವರಿಗೆ ಎಸ್ಸಿ ಸರ್ಟಿಫಿಕೇಟ್ ಹೇಗೆ ಸಿಕ್ಕಿತು?

1936ರಲ್ಲಿ ಅಂಬೇಡ್ಕರ್ ಸಿಖ್ ಧರ್ಮಕ್ಕೆ ಸೇರುವುದನ್ನು ಗಂಭೀರವಾಗಿಯೇ ಯೋಚಿಸಿದ್ದರು. ಆ ಏಪ್ರಿಲ್‌ನಲ್ಲಿ ಅಮೃತಸರದ ಸಿಖ್ ಸಮ್ಮೇಳನಕ್ಕೂ ಹೋಗಿದ್ದರು. ಕೊನೆಗೆ ಆ ದಾರಿ ಬಿಟ್ಟರು. ಆ ನಂಟಿನ ಗುರುತಾಗಿ ಮುಂಬೈಯ ಖಾಲ್ಸಾ ಕಾಲೇಜು ಉಳಿದಿದೆ.

ಸ್ವಾತಂತ್ರ್ಯ ಬಂದ ಮೇಲೆ ಹಿಂದೂಗಳಿಗೆ ಮಾತ್ರ ಎಸ್ಸಿ ಸ್ಥಾನ ಎಂಬ ನಿಲುವು ಬಂತು. ಸಿಖ್ ನಾಯಕರಿಗೆ ಆತಂಕವಾಯಿತು. ಮೀಸಲಾತಿಗಾಗಿ ದಲಿತ ಸಿಖ್ಖರು ತಾವು ಹಿಂದೂ ಎಂದು ಬರೆಸಿಬಿಟ್ಟರೆ? ಸಿಖ್ಖರ ಪಕ್ಷವಾದ ಅಕಾಲಿ ದಳದ ಮುಖಂಡ ಮಾಸ್ಟರ್ ತಾರಾ ಸಿಂಗ್ ಒತ್ತಾಯ ಮಾಡಿದರು. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಿಗೆ ಮಾತ್ರ ಎಂದರೂ, ಅದರಲ್ಲೇ ಮಜಹಬಿ, ರಾಮದಾಸಿ, ಕಬೀರ್‌ಪಂಥಿ, ಸಿಕ್ಲ್‌ಗರ್ ಎಂಬ ನಾಲ್ಕು ಸಿಖ್ ಜಾತಿಗಳಿಗೆ ವಿನಾಯಿತಿ ಸಿಕ್ಕಿತು. 1956ರಲ್ಲಿ ಎಲ್ಲ ದಲಿತ ಸಿಖ್ಖರಿಗೂ ವಿಸ್ತರಣೆಯಾಯಿತು. ನಮ್ಮಲ್ಲಿ ಜಾತಿ ಇಲ್ಲ ಎಂದು ಹೇಳುತ್ತಲೇ, ನಮ್ಮಲ್ಲೂ ಎಸ್ಸಿಗಳಿದ್ದಾರೆ ಎಂದು ಬರೆದುಕೊಡಬೇಕಾಯಿತು. ಇದು ಬೂಟಾಟಿಕೆ ಅಂತ ನನಗೆ ಅನ್ನಿಸುವುದಿಲ್ಲ. ಜಾತಿ ಇರಬಾರದು ಅನ್ನುವುದು ಧರ್ಮದ ಮಾತು, ಇದೆ ಅನ್ನುವುದು ಊರಿನ ಮಾತು. ಮೀಸಲಾತಿ ಬೇಕಾದದ್ದು ಊರಿನಲ್ಲಿ ಬದುಕುವವರಿಗೆ.

ಮುಂದಿನ ತೊಡಕು ಪಾಲಿನದ್ದು. ಪಂಜಾಬಿನಲ್ಲಿ ಎಸ್ಸಿಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 25 ಮೀಸಲಾತಿ. ಓದು, ಪಟ್ಟಣ, ವ್ಯಾಪಾರದ ದಾರಿ ಮೊದಲು ಹಿಡಿದ ಆದ್ ಧರ್ಮಿ, ರಾಮದಾಸಿಯಾ ಮುಂತಾದವರು ಮುಂದೆ ಬಂದರು. ಕೂಲಿ, ಸಫಾಯಿಯಲ್ಲೇ ಉಳಿದ ಮಜಹಬಿ ಮತ್ತು ಬಾಲ್ಮೀಕಿಗಳಿಗೆ ನೌಕರಿ ದಕ್ಕಲಿಲ್ಲ. ಎಡಗೈ, ಬಲಗೈ ಚರ್ಚೆ ಕೇಳಿದವರಿಗೆ ಇದು ಹೊಸದಲ್ಲ. 1975ರಲ್ಲಿ, ಜೈಲ್ ಸಿಂಗ್ ಮುಖ್ಯಮಂತ್ರಿಯಾಗಿದ್ದಾಗ, ಪಂಜಾಬ್ ಸರ್ಕಾರ ಸುತ್ತೋಲೆ ಹೊರಡಿಸಿತು: ಎಸ್ಸಿ ಪಾಲಿನ ಅರ್ಧ ಹುದ್ದೆಗಳಲ್ಲಿ ಮೊದಲ ಆದ್ಯತೆ ಬಾಲ್ಮೀಕಿ, ಮಜಹಬಿಗಳಿಗೆ. ಹೈಕೋರ್ಟ್ ಅದನ್ನು ರದ್ದು ಮಾಡಿತು. 2006ರಲ್ಲಿ ಸರ್ಕಾರ ಅದನ್ನೇ ಕಾಯ್ದೆ ಮಾಡಿತು. 2010ರಲ್ಲಿ ಅದೂ ಹೈಕೋರ್ಟಿನಲ್ಲಿ ಬಿತ್ತು. ಮೇಲ್ಮನವಿ ದೆಹಲಿಗೆ ಹೋಯಿತು. ಹದಿನಾಲ್ಕು ವರ್ಷದ ಮೇಲೆ 6-1ರ ಬಹುಮತದಲ್ಲಿ ಬಂದ ಉತ್ತರವೇ ನಾವು ಮೊದಲು ನೋಡಿದ ತೀರ್ಪು.

ಅಷ್ಟರಲ್ಲಿ ಇನ್ನೊಂದು ಆಗಿತ್ತು. 1977ರಿಂದ ಪಂಜಾಬಿನ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರೆಲ್ಲ ಜಾಟ್ ಸಿಖ್ಖರೇ. 2021ರ ಸೆಪ್ಟೆಂಬರಿನಲ್ಲಿ ರಾಮದಾಸಿಯಾ ಸಿಖ್ ಆದ ಚರಣಜಿತ್ ಸಿಂಗ್ ಚನ್ನಿ ಆ ಕುರ್ಚಿಗೆ ಬಂದರು, ರಾಜ್ಯದ ಮೊದಲ ದಲಿತ ಮುಖ್ಯಮಂತ್ರಿಯಾಗಿ. ಇದ್ದದ್ದು ಆರು ತಿಂಗಳು. 2022ರ ಮಾರ್ಚಿನಲ್ಲಿ ಚುನಾವಣೆ ಸೋತರು. ಅವರ ನಂತರ ಬಂದ ಭಗವಂತ್ ಮಾನ್ ಜಾಟ್ ಸಿಖ್.